ಅಂಗಳಕ್ಕೆ ಶಾಲೆಯನ್ನು ತಂದ ತಾರಾಬಾಯಿ ಮೋಡಕ

ಅಂಗನವಾಡಿ ಎಂಬ ಮಾತನ್ನು ಕೇಳದ ಕನ್ನಡಿಗನಿಲ್ಲ. ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಗುಡಿಯ ಬಳಿಯೋ ಶಾಲೆಯ ಮಗ್ಗುಲಲ್ಲೋ ಒಂದು ಪುಟ್ಟ ಕಟ್ಟಡ ಕಣ್ಣಿಗೆ ಬೀಳುತ್ತದೆ. ಗೋಡೆಯ ಮೇಲೆ ಅ ಆ ಇ ಈ, ಆನೆ ಒಂಟೆಗಳ ಚಿತ್ರ; ಒಳಗೆ ತಟ್ಟೆಯ ಮುಂದೆ ಸಾಲಾಗಿ ಕುಳಿತ ಚಿಣ್ಣರು; ಬಾಗಿಲಲ್ಲಿ ಕೂಸಿನ ತೂಕ ನೋಡಿಸಲು ಬಂದು ನಿಂತ ತಾಯಂದಿರು. ಇದು ಸರ್ಕಾರದ ಏರ್ಪಾಡು, ಇದರ ಹೆಸರೂ ಸರ್ಕಾರವೇ ಇಟ್ಟದ್ದು ಎಂದು ಬಹುಮಂದಿಯ ಎಣಿಕೆ. ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು.

ವಾಸ್ತವವಾಗಿ ಆ ಕಲ್ಪನೆ ಹುಟ್ಟಿದ್ದು ಯಾವ ಕಚೇರಿಯಲ್ಲಿಯೂ ಅಲ್ಲ. ನಮ್ಮ ಮುಂಬಯಿಯಿಂದ ಪಶ್ಚಿಮ ರೇಲ್ವೆಯಲ್ಲಿ ಉತ್ತರಕ್ಕೆ ಸಾಗಿ, ವಿರಾರನ್ನು ದಾಟಿ, ಡಹಾಣು ತಾಲ್ಲೂಕಿಗೆ ಹೋದರೆ ಬೋರ್ಡಿ ಎಂಬ ಕಡಲತಡಿಯ ಊರು ಸಿಗುತ್ತದೆ. ಅಲ್ಲಿಗೆ ಅನತಿ ದೂರದಲ್ಲಿ ಕೋಸಬಾಡ ಎಂಬ ಗುಡ್ಡ. ಅಲ್ಲಿನ ಬಡವರ ಕೇರಿಗಳಲ್ಲಿ, ವಾರಲಿ ಜನರ ಹಟ್ಟಿಗಳಲ್ಲಿ, ಗುಡಿಸಲುಗಳ ಮುಂದಣ ಅಂಗಳದಲ್ಲಿ ಈ ಕಲ್ಪನೆ ಕಣ್ದೆರೆಯಿತು. ಅದನ್ನು ಸಾಕಿ ಸಲಹಿದವರು ಮುಂಬಯಿಯ ಪದವೀಧರೆ ತಾರಾಬಾಯಿ ಮೋಡಕ. ಕನ್ನಡದ ಹಬ್ಬದ ಸಂಚಿಕೆಯಲ್ಲಿ ಮರಾಠಿ ಮಹಿಳೆಯೊಬ್ಬರ ಚರಿತ್ರೆ ಏತಕ್ಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ಈ ಬರಹದ ಕೊನೆಯಲ್ಲಿ ದೊರೆಯುವುದು. ಮೊದಲು ಅವರ ಬಾಳನ್ನು ನೋಡೋಣ.

ತಾರಾಬಾಯಿಯವರು ಹುಟ್ಟಿದ್ದು 1892ರ ಏಪ್ರಿಲ್ 19ರಂದು, ಮುಂಬಯಿಯಲ್ಲಿ. ತಂದೆ ಸದಾಶಿವ ಪಾಂಡುರಂಗ ಕೇಳಕರ, ತಾಯಿ ಉಮಾಬಾಯಿ. ಇಬ್ಬರೂ ಪ್ರಾರ್ಥನಾ ಸಮಾಜಕ್ಕೆ ಸೇರಿದವರು. 1867ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಆ ಸಮಾಜವು ಜಾತಿಭೇದವನ್ನು ಅಲ್ಲಗಳೆಯಿತು. ಹೆಣ್ಣುಮಕ್ಕಳ ವಿದ್ಯಾಭ್ಯಾಸವನ್ನೂ ವಿಧವಾವಿವಾಹವನ್ನೂ ಎತ್ತಿಹಿಡಿಯಿತು. ಇಂಥ ಮನೆಯಲ್ಲಿ ಬೆಳೆದ ಹುಡುಗಿಗೆ ಅಕ್ಷರವಾಗಲಿ ಪುಸ್ತಕವಾಗಲಿ ನಿಷಿದ್ಧವಾಗಿರಲಿಲ್ಲ. 1914ರಲ್ಲಿ ತಾರಾಬಾಯಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನು ಪಡೆದರು. ಅಂದಿನ ಕಾಲದಲ್ಲಿ ಪದವಿ ಪಡೆದ ಹೆಂಗಸರು ಬೆರಳೆಣಿಕೆಯಷ್ಟು ಮಂದಿ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಮರುವರ್ಷ, 1915ರಲ್ಲಿ, ಅಮರಾವತಿಯ ವಕೀಲರಾದ ಮೋಡಕ ಎಂಬವರೊಡನೆ ವಿವಾಹವಾಯಿತು. ಪ್ರಭಾ ಎಂಬ ಒಬ್ಬ ಮಗಳು ಹುಟ್ಟಿದಳು. ಆದರೆ ಸಂಸಾರ ನೆಲೆನಿಲ್ಲಲಿಲ್ಲ; 1921ರಲ್ಲಿ ದಂಪತಿಗಳು ಬೇರ್ಪಟ್ಟರು. ಇನ್ನೊಬ್ಬರ ಮನೆಯ ಒಳಗಣ ಮಾತುಗಳನ್ನು ಕೆದಕುವುದು ನಮ್ಮ ಕೆಲಸವಲ್ಲ. ಆದರೆ ಒಂದನ್ನು ಮಾತ್ರ ಹೇಳಲೇಬೇಕು. ಮೂವತ್ತರ ಹತ್ತಿರದ ಒಬ್ಬ ಹೆಣ್ಣುಮಗಳು, ಪುಟ್ಟ ಮಗುವನ್ನು ಕೈಹಿಡಿದುಕೊಂಡು, ಗಂಡನ ಆಸರೆಯಿಲ್ಲದೆ, ತನ್ನ ಸಂಬಳವನ್ನೇ ನೆಚ್ಚಿ ಬಾಳುವುದು ಅಂದು ಎಷ್ಟು ಕಷ್ಟವಾಗಿದ್ದಿತೆಂಬುದನ್ನು ನಾವು ಊಹಿಸಬಹುದು. ದುಡಿಯುವ ತಾಯಿಯ ಚಿಂತೆ ಏನೆಂಬುದನ್ನು ತಾರಾಬಾಯಿಯವರು ಪುಸ್ತಕದಿಂದ ಕಲಿತವರಲ್ಲ.

ರಾಜಕೋಟದಲ್ಲಿ ಬಾರ್ಟನ್ ಟ್ರೇನಿಂಗ್ ಕಾಲೇಜ್ ಎಂಬ ಶಿಕ್ಷಕಿಯರ ಶಾಲೆ ಇದ್ದಿತು. ಅದರ ಮುಖ್ಯಸ್ಥೆಯ ಹುದ್ದೆ ತಾರಾಬಾಯಿಯವರಿಗೆ ದೊರೆಯಿತು. ಗೌರವದ ಹುದ್ದೆ, ಒಳ್ಳೆಯ ಸಂಬಳ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಯೇ ನೆಲೆಸಿ, ನಿವೃತ್ತಿಯಾಗುವವರೆಗೆ ನೆಮ್ಮದಿಯಾಗಿ ಇರುತ್ತಿದ್ದರು. ಬ್ಯಾಂಕಿನ ಕೆಲಸದಲ್ಲಿರುವ ನಮಗೆ, ಖಾಯಂ ನೌಕರಿಯನ್ನು ಬಿಟ್ಟುಕೊಡುವುದೆಂದರೆ ಎಂಥ ಎದೆಗಾರಿಕೆ ಬೇಕೆಂಬುದು ಚೆನ್ನಾಗಿ ಗೊತ್ತು. ಆದರೆ ತಾರಾಬಾಯಿಯವರ ಕಿವಿಗೆ ಭಾವನಗರದಿಂದ ಒಂದು ಹೊಸ ಸಮಾಚಾರ ಬಿದ್ದಿತು. ಅವರ ಬಾಳಿನ ದಿಕ್ಕೇ ಬದಲಾಯಿತು.

ಭಾವನಗರದಲ್ಲಿ ನಾನಾಭಾಯಿ ಭಟ್ಟರು 1910ರಲ್ಲಿ ಸ್ಥಾಪಿಸಿದ ದಕ್ಷಿಣಾಮೂರ್ತಿ ಎಂಬ ಸಂಸ್ಥೆ ಇದ್ದಿತು. ಅಲ್ಲಿ 1920ರಲ್ಲಿ ಗಿಜುಭಾಯಿ ಬಧೇಕಾ ಎಂಬವರು ಎಳೆಯರಿಗಾಗಿ ಬಾಲಮಂದಿರವನ್ನು ತೆರೆದಿದ್ದರು. ಗಿಜುಭಾಯಿ ಮೊದಲು ವಕೀಲರು. ತಮಗೊಬ್ಬ ಮಗ ಹುಟ್ಟಿದಾಗ, ಈ ಮಗುವನ್ನು ಹೇಗೆ ಬೆಳೆಸಬೇಕೆಂಬ ಯೋಚನೆ ಅವರನ್ನು ಹಿಡಿಯಿತು. ಹುಡುಕುತ್ತ ಹೋದವರಿಗೆ ಇಟಲಿಯ ಮರಿಯಾ ಮಾಂಟೆಸ್ಸರಿ ಎಂಬ ವೈದ್ಯೆಯ ಗ್ರಂಥಗಳು ಸಿಕ್ಕಿದವು. ಕೋರ್ಟಿನ ಕರಿಯ ಕೋಟನ್ನು ಕಳಚಿಟ್ಟು ಅವರು ಮಕ್ಕಳ ನಡುವೆ ಕುಳಿತರು. ಹೊಡೆತವಿಲ್ಲ, ಬೈಗುಳವಿಲ್ಲ, ಬಾಯಿಪಾಠದ ಹೊರೆಯಿಲ್ಲ. ಕಥೆ, ಹಾಡು, ಆಟ, ಕೈಗೆಲಸ. ಗುಜರಾತಿನ ಜನ ಅವರನ್ನು ಮೀಸೆಯುಳ್ಳ ತಾಯಿ ಎಂದು ಅಕ್ಕರೆಯಿಂದ ಕರೆದರು.

1923ರಲ್ಲಿ ತಾರಾಬಾಯಿಯವರು ಈ ಬಾಲಮಂದಿರವನ್ನು ಸೇರಿದರು. ಗಿಜುಭಾಯಿ ಹೊಸ ಹೊಸದನ್ನು ಕಲ್ಪಿಸುವವರು, ಬರೆಯುವವರು. ತಾರಾಬಾಯಿ ಅದಕ್ಕೊಂದು ಕಟ್ಟು ತರುವವರು, ಶಿಕ್ಷಕಿಯರನ್ನು ತರಬೇತು ಮಾಡುವವರು. ಇಬ್ಬರೂ ಸೇರಿ 1926ರಲ್ಲಿ ನೂತನ ಬಾಲಶಿಕ್ಷಣ ಸಂಘವನ್ನು ಕಟ್ಟಿದರು. ಶಿಕ್ಷಣ ಪತ್ರಿಕಾ ಎಂಬ ಮಾಸಪತ್ರಿಕೆ ಗುಜರಾತಿಯಲ್ಲಿ ಹೊರಟಿತು. ಮುಂದೆ ಅದರ ಮರಾಠಿ ಆವೃತ್ತಿಯ ಹೊಣೆಯನ್ನು ತಾರಾಬಾಯಿಯವರು ಹೊತ್ತರು. ಮಗುವಿನ ಮೊದಲ ಕಲಿಕೆ ಅದರ ತಾಯ್ನುಡಿಯಲ್ಲಿಯೇ ಆಗಬೇಕೆಂಬುದು ಇವರ ದೃಢವಾದ ನಂಬಿಕೆ. ಪರನಾಡಿನಲ್ಲಿ ಮಕ್ಕಳನ್ನು ಸಾಕುತ್ತಿರುವ ನಮ್ಮಂಥವರು ಈ ಮಾತನ್ನು ಎರಡು ಸಲ ಓದಿಕೊಂಡರೂ ತಪ್ಪಿಲ್ಲ.

ಒಂಬತ್ತು ಹತ್ತು ವರ್ಷಗಳು ಹೀಗೆ ಕಳೆದ ಮೇಲೆ ತಾರಾಬಾಯಿಯವರು ಹುಟ್ಟೂರಾದ ಮುಂಬಯಿಗೆ ಮರಳಿದರು. 1936ರಲ್ಲಿ ದಾದರಿನ ಹಿಂದೂ ಕಾಲೊನಿಯಲ್ಲಿ ಶಿಶುವಿಹಾರವನ್ನು ಆರಂಭಿಸಿದರು. ಜೊತೆಗೆ ಶಿಕ್ಷಕಿಯರ ತರಬೇತಿಯೂ ನಡೆಯಿತು. ಶಿಶುವಿಹಾರ ಎಂಬ ಪದ ಕನ್ನಡಿಗರಿಗೂ ಹೊಸದಲ್ಲ. ನಮ್ಮ ಮಹಿಳಾ ಸಮಾಜಗಳು ಊರೂರುಗಳಲ್ಲಿ ಇದೇ ಹೆಸರಿನಿಂದ ಎಳೆಯರ ಶಾಲೆಗಳನ್ನು ನಡೆಸಿದ್ದನ್ನು ಹಿರಿಯ ವಾಚಕರು ಬಲ್ಲರು. ದಾದರಿನ ಶಿಶುವಿಹಾರ ಹೆಸರಾಯಿತು. ವಿದ್ಯಾವಂತ ಕುಟುಂಬಗಳ ಮಕ್ಕಳು ಬಂದರು, ತಾಯಿತಂದೆಯರು ಮೆಚ್ಚಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ, ತಾರಾಬಾಯಿಯವರು ಒಳ್ಳೆಯ ಶಾಲೆಯೊಂದರ ಸ್ಥಾಪಕರೆಂದು ದಾದರಿನ ಜನ ಮಾತ್ರ ನೆನೆಯುತ್ತಿದ್ದರು. ಆದರೆ ಅವರ ಮನಸ್ಸಿಗೆ ಸಮಾಧಾನವಾಗಲಿಲ್ಲ. ಈ ಬಗೆಯ ಶಿಕ್ಷಣ ಉಳ್ಳವರ ಮಕ್ಕಳಿಗೆ ಮಾತ್ರವೆ? ಮಾಂಟೆಸ್ಸರಿ ಸಲಕರಣೆಗಳಿಗೆ ಬಹಳ ಹಣ ಬೇಕು. ನಯವಾದ ಮರದ ಗೋಪುರ, ಅಳತೆಗೆ ತಕ್ಕ ಸಿಲಿಂಡರುಗಳು, ಬಣ್ಣದ ಹಲಗೆಗಳು. ಇವು ಹಳ್ಳಿಯ ಕೂಲಿಯವನ ಮಗುವಿಗೆ ಎಲ್ಲಿಂದ ಬಂದಾವು? ಹಳ್ಳಿಗಳಿಂದಲೇ ದೇಶದ ಏಳಿಗೆ ಎಂದು ಗಾಂಧೀಜಿಯವರು ಸಾರುತ್ತಿದ್ದ ಕಾಲವದು. ಐವತ್ತು ದಾಟಿದ ವಯಸ್ಸಿನಲ್ಲಿ, ಕಟ್ಟಿ ನಿಲ್ಲಿಸಿದ ಸಂಸ್ಥೆಯನ್ನು ಬೇರೆಯವರ ಕೈಗೆ ಒಪ್ಪಿಸಿ, ತಾರಾಬಾಯಿಯವರು ಹಳ್ಳಿಗೆ ಹೊರಟರು. 1945ರಲ್ಲಿ ಬೋರ್ಡಿಯಲ್ಲಿ ಗ್ರಾಮ ಬಾಲಶಿಕ್ಷಾ ಕೇಂದ್ರ ಹುಟ್ಟಿತು.

ಅದೇ ವರ್ಷ ಅವರಿಗೆ ಒಬ್ಬ ಸಹಾಯಕಿ ದೊರೆತರು. ಹಳ್ಳಿಯ ಸೇವೆಗೆ ಹೆಂಗಸರನ್ನು ಸಿದ್ಧಗೊಳಿಸಲು ಕಸ್ತೂರಬಾ ಟ್ರಸ್ಟಿನವರು ಬೋರಿವಲಿಯಲ್ಲಿ ಶಿಬಿರವೊಂದನ್ನು ನಡೆಸಿದ್ದರು. ಅಲ್ಲಿಗೆ ಅನುತಾಯಿ ವಾಘ ಎಂಬ ಪುಣೆಯ ಶಿಕ್ಷಕಿ ಬಂದಿದ್ದರು. 1910ರಲ್ಲಿ ಹುಟ್ಟಿದ ಈಕೆ ಬಾಲ್ಯದಲ್ಲಿಯೇ ಮದುವೆಯಾಗಿ, ತಿಂಗಳುಗಳಲ್ಲಿಯೇ ವಿಧವೆಯಾದವರು. ಛಲದಿಂದ ಓದಿ ಶಿಕ್ಷಕಿಯಾದವರು. ತಾರಾಬಾಯಿಯವರ ಪರಿಚಯವಾದ ಮೇಲೆ ಅನುತಾಯಿ ಮತ್ತೆ ಪುಣೆಯ ಕಡೆಗೆ ತಿರುಗಲಿಲ್ಲ. ಸಂಸಾರಸುಖವನ್ನು ಒಬ್ಬರು ಸ್ವಲ್ಪಕಾಲ ಕಂಡು ಕಳೆದುಕೊಂಡವರು, ಇನ್ನೊಬ್ಬರು ಕಾಣದೆಯೇ ಹೋದವರು. ಇಬ್ಬರೂ ಸೇರಿ ಸಾವಿರಾರು ಮಕ್ಕಳಿಗೆ ತಾಯಂದಿರಾದರು. ತಾಯಿ ಎಂದರೆ ಮರಾಠಿಯಲ್ಲಿ ಅಕ್ಕ ಎಂದರ್ಥ. ಊರಿನ ಪಾಲಿಗೆ ಅನುತಾಯಿ ನಿಜವಾಗಿಯೂ ಅಕ್ಕನೇ ಆದರು.

ಇನ್ನು ಬೋರ್ಡಿಯಲ್ಲಿ ಏನಾಯಿತೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ತಾರಾಬಾಯಿಯವರ ಬಾಳಿನ ತಿರುಳು ಇರುವುದು ಅಲ್ಲಿಯೆ. ಊರಿನ ನಡುವೆ ಬಾಲವಾಡಿ ತೆರೆಯಿತು. ಅನುಕೂಲಸ್ಥರ ಮಕ್ಕಳು ಬಂದರು. ಯಾರಿಗಾಗಿ ಇಷ್ಟು ದೂರ ಬಂದದ್ದೋ ಅವರ ಮಕ್ಕಳು ಮಾತ್ರ ಬರಲಿಲ್ಲ. ಕರೆದರೂ ಬರಲಿಲ್ಲ. ಹರಿಜನರ ಕೇರಿಯವರಿಗೆ ಊರ ನಡುವಿನ ಶಾಲೆಗೆ ಮಕ್ಕಳನ್ನು ಕಳಿಸಲು ಅಂಜಿಕೆ. ವಾರಲಿ ತಾಯಂದಿರು ಬೆಳಗಾಗುತ್ತಲೇ ಸೌದೆಗೋ ಕೂಲಿಗೋ ಹೊರಡುವವರು. ಮಗುವನ್ನು ಮೀಯಿಸಿ, ಬಟ್ಟೆ ತೊಡಿಸಿ, ಕರೆದೊಯ್ದು ಬಿಟ್ಟು ಬರಲು ಅವರಿಗೆಲ್ಲಿಯ ಬಿಡುವು? ತೊಡಿಸಲು ಎರಡನೆಯ ಬಟ್ಟೆಯಾದರೂ ಎಲ್ಲಿ?

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಏನು ನಡೆಯುತ್ತದೆ? ಈ ಜನರಿಗೆ ವಿದ್ಯೆಯ ಬೆಲೆ ತಿಳಿಯದು, ನಾವು ಬಾಗಿಲು ತೆರೆದಿದ್ದೇವೆ, ಬಾರದಿದ್ದರೆ ಅವರ ಹಣೆಬರಹ ಎಂದು ಸಂಸ್ಥೆಯವರು ಕೈತೊಳೆದುಕೊಳ್ಳುತ್ತಾರೆ. ನಾವು ಕೌಂಟರಿನ ಈಚೆಗೆ ಕುಳಿತು ಕೆಲಸ ಮಾಡುವವರು. ಹತ್ತು ಗಂಟೆಗೆ ಬಾಗಿಲು ತೆರೆಯುತ್ತದೆ, ಬಂದವರಿಗೆ ಸೇವೆ ಸಲ್ಲುತ್ತದೆ, ಬಾರದವರು ನಮ್ಮ ಲೆಕ್ಕಕ್ಕೆ ಸಿಗುವುದೇ ಇಲ್ಲ. ದಿನಗೂಲಿಯವನು ಹತ್ತು ಗಂಟೆಗೆ ಬ್ಯಾಂಕಿಗೆ ಬಂದರೆ ಅವನ ಅಂದಿನ ಕೂಲಿಯೇ ಹೋಯಿತೆಂಬುದು ಕೌಂಟರಿನ ಈಚೆಯಿಂದ ಕಾಣಿಸುವುದಿಲ್ಲ.

ತಾರಾಬಾಯಿಯವರಿಗೆ ಅದು ಕಂಡಿತು. ತಪ್ಪು ತಾಯಂದಿರದಲ್ಲ, ಶಾಲೆ ಇರುವ ಜಾಗದ್ದು ಮತ್ತು ಅದರ ಗಂಟೆಯದು ಎಂಬುದನ್ನು ಅವರು ಮನಗಂಡರು. ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಬಳಿಗೆ ಹೋಗತಕ್ಕದ್ದು ಎಂದು ನಿಶ್ಚಯಿಸಿದರು. ಶಿಕ್ಷಕಿಯರು ಬೆಳಗ್ಗೆ ಸಾಮಾನಿನ ಚೀಲವನ್ನು ಹೆಗಲಿಗೇರಿಸಿ ಕೇರಿಗೆ ನಡೆದರು. ಯಾವುದೋ ಮನೆಯ ಅಂಗಳ, ಇಲ್ಲವೇ ಒಂದು ಮರದ ನೆರಳು, ಅದೇ ಶಾಲೆ. ಆಡುತ್ತಿದ್ದ ಮಕ್ಕಳನ್ನು ಕೂಡಿಸಿ, ಮುಖ ತೊಳೆದು, ತಲೆ ಬಾಚಿ, ಉಗುರು ಕತ್ತರಿಸಿ, ಆಮೇಲೆ ಹಾಡು, ಕಥೆ, ಆಟ. ಕೇರಿಯವರಿಗೆ ಅನುಕೂಲವಾದ ಹೊತ್ತೇ ಶಾಲೆಯ ಹೊತ್ತು. ಇದಕ್ಕೆ ಅಂಗಣ ಬಾಲವಾಡಿ ಎಂದು ಹೆಸರಾಯಿತು. ಅಂಗಣವೆಂದರೆ ನಮ್ಮ ಕನ್ನಡದ ಅಂಗಳ. ವಾಡಿ ಎಂದರೆ ತೋಟ.

ಅಂಗಳದಲ್ಲಿ ಶಾಲೆ ನಡೆದುದರಿಂದ ಇನ್ನೊಂದು ಲಾಭವಾಯಿತು. ಬಾಗಿಲು ಮುಚ್ಚಿದ ಶಾಲೆಯಲ್ಲಿ ಏನು ನಡೆಯುತ್ತದೆಂಬುದು ತಾಯಿಗೆ ತಿಳಿಯುವುದಿಲ್ಲ. ಇಲ್ಲಿ ಎಲ್ಲವೂ ಕಣ್ಣೆದುರಿಗೆ. ಕೆಲಸಕ್ಕೆ ಹೊರಟ ತಾಯಿ ಒಂದು ಗಳಿಗೆ ನಿಂತು ನೋಡುತ್ತಿದ್ದಳು. ಮುದುಕಿಯರು ಜಗುಲಿಯ ಮೇಲಿಂದ ನೋಡುತ್ತಿದ್ದರು. ಕಣ್ಣಿನ ಪಿಸುರನ್ನು ಹೇಗೆ ಒರೆಸಬೇಕು, ಹುಣ್ಣನ್ನು ಹೇಗೆ ತೊಳೆಯಬೇಕು, ಹೊಡೆಯದೆ ಮಗುವನ್ನು ಹೇಗೆ ಒಲಿಸಿಕೊಳ್ಳಬೇಕು ಎಂಬುದನ್ನು ಯಾರ ಉಪದೇಶವೂ ಇಲ್ಲದೆ ನೋಡಿಯೇ ಕಲಿಯಬಹುದಾಗಿತ್ತು. ಹೀಗೆ ಒಂದು ಶಾಲೆಯಿಂದ ಮಗುವೂ ಕಲಿಯಿತು, ಮನೆಯೂ ಕಲಿಯಿತು. ಕೇರಿಗೂ ಶಿಕ್ಷಕಿಗೂ ನಡುವಿನ ಅಂಜಿಕೆ ಕರಗಿದ ಮೇಲೆ, ಊರ ನಡುವಣ ಬಾಲವಾಡಿಗೆ ಮಕ್ಕಳು ಬರಲು ದಾರಿಯಾಯಿತು.

ಸಲಕರಣೆಯ ಪ್ರಶ್ನೆಯನ್ನೂ ತಾರಾಬಾಯಿಯವರು ಹೀಗೆಯೇ ಬಗೆಹರಿಸಿದರು. ಎಣಿಸಲು ಕಡಲತಡಿಯ ಕಪ್ಪೆಚಿಪ್ಪು, ಕಾಡಿನ ಬೀಜ. ಹೋಲಿಸಲು ಎಲೆ, ಹೂವು, ಕಲ್ಲು. ಜೋಡಿಸಲು ಬಿದಿರಿನ ತುಂಡು. ಗೊಂಬೆ ಮಾಡಲು ಜೇಡಿಮಣ್ಣು. ಮಾಂಟೆಸ್ಸರಿಯವರ ತತ್ತ್ವವನ್ನು ಉಳಿಸಿಕೊಂಡು, ಅವರ ಪೆಟ್ಟಿಗೆಯನ್ನು ಬಿಟ್ಟುಕೊಟ್ಟರೆಂದು ಹೇಳಬಹುದು. ಖರ್ಚು ಇಳಿಯಿತು, ಮಗುವಿಗೂ ತನ್ನ ಊರಿನ ವಸ್ತುಗಳೇ ಪಾಠವಾದವು. ಕಡಿಮೆ ವೆಚ್ಚದ ಶಿಕ್ಷಣವೆಂದರೆ ಕೀಳುದರ್ಜೆಯ ಶಿಕ್ಷಣವಲ್ಲವೆಂಬುದನ್ನು ಅವರು ಮಾಡಿ ತೋರಿಸಿದರು.

1956-57ರ ವೇಳೆಗೆ ಕೇಂದ್ರವು ಬೋರ್ಡಿಯಿಂದ ಕೋಸಬಾಡದ ಗುಡ್ಡಕ್ಕೆ ಬಂದಿತು. ಇದು ಪೂರ್ಣವಾಗಿ ವಾರಲಿ ಮೊದಲಾದ ಆದಿವಾಸಿಗಳ ನಾಡು. ಇಲ್ಲಿನ ಜನ ಸಾಹುಕಾರರ, ಜಮೀನುದಾರರ ಜೀತಕ್ಕೆ ಸಿಕ್ಕಿ ನರಳಿದವರು. 1945ರಲ್ಲಿ ಗೋದಾವರಿ ಪರುಳೇಕರ ಮೊದಲಾದವರ ಮುಂದಾಳುತನದಲ್ಲಿ ಜೀತದ ವಿರುದ್ಧ ಎದ್ದು ನಿಂತವರು. ಇಂಥ ಜನರ ಮಕ್ಕಳನ್ನು ಶಾಲೆಗೆ ತರುವುದೆಂದರೆ ಗಂಟೆ ಬಾರಿಸಿದಷ್ಟು ಸುಲಭವಲ್ಲ. ತಾರಾಬಾಯಿಯವರೂ ಅನುತಾಯಿಯವರೂ ಇಲ್ಲಿ ಎರಡು ಹೊಸ ತೊಡಕುಗಳನ್ನು ಎದುರಿಸಿದರು.

ಮೊದಲನೆಯದು, ಏಳೆಂಟು ವರ್ಷದ ಹುಡುಗಿ ಶಾಲೆಗೆ ಏಕೆ ಬರುವುದಿಲ್ಲವೆಂಬುದು. ತಾಯಿ ಕೂಲಿಗೆ ಹೋದಾಗ ಮನೆಯ ಕೂಸನ್ನು ಆಡಿಸುವವಳು ಆಕೆಯೇ. ಕೂಸನ್ನು ಬಿಟ್ಟು ಬರಲಾರಳು, ಕೂಸಿನೊಂದಿಗೆ ಬಂದರೆ ಶಾಲೆಯಲ್ಲಿ ಸೇರಿಸರು. ಇದಕ್ಕೆ ತಾರಾಬಾಯಿಯವರು ಕಂಡುಕೊಂಡ ಉಪಾಯ ವಿಕಾಸವಾಡಿ. ಕೂಸುಗಳ ತೊಟ್ಟಿಲ ಮನೆ, ನಡುವಣ ಮಕ್ಕಳ ಬಾಲವಾಡಿ, ದೊಡ್ಡ ಮಕ್ಕಳ ಪ್ರಾಥಮಿಕ ಶಾಲೆ, ಈ ಮೂರೂ ಒಂದೇ ಆವರಣದಲ್ಲಿ. ಅಕ್ಕ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ಬರಲಿ. ತಮ್ಮ ತೊಟ್ಟಿಲಲ್ಲಿ ಮಲಗಲಿ, ಅಕ್ಕ ಪಾಟಿ ಹಿಡಿಯಲಿ. ಕೂಸನ್ನು ನೋಡಿಕೊಂಡರೆ ಅಕ್ಕನಿಗೆ ವಿದ್ಯೆ ದೊರೆಯುತ್ತದೆ, ತಾಯಿಗೆ ಕೂಲಿ ದೊರೆಯುತ್ತದೆ. ಒಂದು ಮನೆಯ ಮೂವರು ಒಮ್ಮೆಗೇ ಬಿಡುಗಡೆ ಹೊಂದಿದಂತಾಯಿತು.

ಎರಡನೆಯದು, ಹುಡುಗರು ದನ ಕಾಯಲು ಹೋಗುವುದು. ದನವನ್ನು ಬಿಟ್ಟರೆ ಮನೆಯಲ್ಲಿ ಊಟವಿಲ್ಲ. ಇದಕ್ಕೆ ಉತ್ತರವಾಗಿ ಕುರಣಶಾಲೆ ಹುಟ್ಟಿತು. ಕುರಣವೆಂದರೆ ಹುಲ್ಲುಗಾವಲು. ದನ ಎಲ್ಲಿ ಮೇಯುತ್ತವೆಯೋ ಅಲ್ಲಿಗೇ ಶಿಕ್ಷಕರು ಹೋಗಿ, ಬಯಲಿನಲ್ಲಿಯೇ ಪಾಠ ಹೇಳುವ ಶಾಲೆ. ಹಗಲೆಲ್ಲ ದುಡಿಯುವವರಿಗೆ ರಾತ್ರಿಶಾಲೆಯೂ ನಡೆಯಿತು. ಬಡತನವನ್ನು ಶಾಲೆಗೆ ಬಾರದ ನೆಪವೆಂದು ತಾರಾಬಾಯಿಯವರು ಎಂದೂ ಬಗೆಯಲಿಲ್ಲ. ಬಡವನ ದಿನಚರಿ ಹೇಗಿದೆಯೋ ಅದಕ್ಕೆ ಸರಿಯಾಗಿ ಶಾಲೆಯನ್ನು ಹೊಲಿದರು. ಅಂಗಿಗೆ ತಕ್ಕಂತೆ ಮೈಯನ್ನು ಕತ್ತರಿಸುವ ದರ್ಜಿಗಳು ಲೋಕದಲ್ಲಿ ಬಹಳ ಮಂದಿ. ಮೈಗೆ ತಕ್ಕ ಅಂಗಿ ಹೊಲಿಯುವವರು ಕಡಿಮೆ.

ಭಾರತ ಸರ್ಕಾರ 1962ರಲ್ಲಿ ತಾರಾಬಾಯಿಯವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಆಗ ಅವರಿಗೆ ಎಪ್ಪತ್ತು ವರ್ಷ. 1973ರ ಆಗಸ್ಟ್ 31ರಂದು ತಾರಾಬಾಯಿಯವರು ಕಾಲವಾದರು. ಅನುತಾಯಿಯವರು ಆ ಬಳಿಕವೂ ಕೆಲಸವನ್ನು ಬಿಡದೆ ನಡೆಸಿ, 1992ರಲ್ಲಿ ಇಹಲೋಕವನ್ನು ತ್ಯಜಿಸಿದರು. ಕೋಸಬಾಡ ಇಂದು 2014ರಲ್ಲಿ ರಚಿತವಾದ ಪಾಲಘರ ಜಿಲ್ಲೆಗೆ ಸೇರಿದೆ.

ತಾರಾಬಾಯಿಯವರು ತೀರಿಕೊಂಡು ಎರಡು ವರ್ಷಗಳಾದ ಮೇಲೆ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಹಳ್ಳಿ ಹಳ್ಳಿಯ ಮಕ್ಕಳ ಕೇಂದ್ರಕ್ಕೆ ಅಂಗನವಾಡಿ ಎಂಬ ಹೆಸರೇ ಬಂದಿತು. ಮೊದಲು ದೇಶದಲ್ಲಿ ಆರಿಸಿಕೊಂಡದ್ದು 33 ಕಡೆಗಳನ್ನು ಮಾತ್ರ. ಅವುಗಳಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಕಾವೇರಿ ಕಪಿಲೆಯರು ಕೂಡುವ ಆ ಪುಣ್ಯಕ್ಷೇತ್ರದಲ್ಲಿ ಕನ್ನಡ ನಾಡಿನ ಅಂಗನವಾಡಿಯ ಕೆಲಸ ಮೊದಲಾಯಿತು. ಆರು ವರ್ಷದೊಳಗಿನ ಮಕ್ಕಳಿಗೆ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಶಾಲಾಪೂರ್ವ ಶಿಕ್ಷಣ. ಬಸುರಿ ಬಾಣಂತಿಯರಿಗೆ ಪೌಷ್ಟಿಕ ಆಹಾರ ಮತ್ತು ತಿಳಿವಳಿಕೆ. 2006ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ 14 ಲಕ್ಷ ಅಂಗನವಾಡಿಗಳಿರಬೇಕೆಂದು ಆಜ್ಞೆ ಮಾಡಿತು. ಕರ್ನಾಟಕವೊಂದರಲ್ಲಿಯೇ ಇಂದು 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. 2017ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯ ಆರಂಭಿಸಿದ ಮಾತೃಪೂರ್ಣ ಯೋಜನೆಯು ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟವನ್ನು ಅಂಗನವಾಡಿಯಲ್ಲಿಯೇ ಕೊಡುವಂತೆ ಮಾಡಿತು. ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗಾಗಿ 2023ರ ಆಯವ್ಯಯದಲ್ಲಿ ಪ್ರಕಟವಾದ ಕೂಸಿನ ಮನೆ ಎಂಬ ಏರ್ಪಾಡನ್ನು ನೋಡಿದರೆ, ಕೋಸಬಾಡದ ತೊಟ್ಟಿಲ ಮನೆಯ ನೆನಪಾಗದಿರದು.

ಹೆಸರು ಬಂದಿತು, ಕಟ್ಟಡ ಬಂದಿತು, ಸಂಖ್ಯೆ ಬೆಳೆಯಿತು. ಆದರೆ ಅಂಗಳಕ್ಕೆ ನಡೆದು ಹೋಗುವ ಆ ಹೆಣ್ಣುಮಗಳ ಕಥೆಯೇನು? ಅಂಗನವಾಡಿಯ ಕಾರ್ಯಕರ್ತೆಗೂ ಸಹಾಯಕಿಗೂ ಸರ್ಕಾರ ಕೊಡುವುದು ಸಂಬಳವಲ್ಲ, ಗೌರವಧನ. ಅವರಿಗೂ ಗ್ರಾಚ್ಯುಯಿಟಿ ಸಲ್ಲತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿದ್ದು 2022ರ ಏಪ್ರಿಲಿನಲ್ಲಿ. ಯೋಜನೆ ಹುಟ್ಟಿ ಆಗ 46 ವರ್ಷಗಳು ದಾಟಿದ್ದವು. ಊರ ಕೂಸುಗಳನ್ನೆಲ್ಲ ಸಾಕುವವರ ಮನೆಯ ಕೂಸಿನ ಹಾಲಿಗೆ ಯಾರು ಹೊಣೆ ಎಂಬ ಪ್ರಶ್ನೆಯನ್ನು ತಾರಾಬಾಯಿಯವರ ಚರಿತ್ರೆ ಓದಿದವರು ಕೇಳದೆ ಇರಲಾರರು.

ಈಗ ಮೊದಲು ಕೊಟ್ಟ ಮಾತಿಗೆ ಬರೋಣ. ಪರನಾಡಿನ ಕನ್ನಡಿಗರಾದ ನಮಗೆ ಈ ಚರಿತ್ರೆ ಏತಕ್ಕೆ?

ನಮ್ಮ ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಹೋಗುತ್ತಾರೆ. ಅಲ್ಲಿ ಅಜ್ಜಿ ಇದ್ದಾಳೆ, ಚಿಕ್ಕಮ್ಮ ಇದ್ದಾಳೆ, ಕೂಸಿಗೆ ಎಣ್ಣೆ ತಿಕ್ಕಿ ಎರೆಯುವ ನೆರೆಮನೆಯ ಮುದುಕಿ ಇದ್ದಾಳೆ. ಮೂರೋ ಐದೋ ತಿಂಗಳು ಕಳೆದ ಮೇಲೆ ತಾಯಿ ಕೂಸಿನೊಂದಿಗೆ ಮುಂಬಯಿಗೆ ಮರಳುತ್ತಾಳೆ. ಇಲ್ಲಿ ಎರಡು ಕೋಣೆಯ ಮನೆ, ಮುಚ್ಚಿದ ಬಾಗಿಲುಗಳು, ಗಂಡ ಬೆಳಗಿನ ಗಾಡಿ ಹಿಡಿದು ಹೋದರೆ ರಾತ್ರಿಯೇ ಬರುವುದು. ಮಗು ರಾತ್ರಿಯೆಲ್ಲ ಅತ್ತರೆ ಕೇಳಲು ಒಬ್ಬ ಹಿರಿಯಳಿಲ್ಲ. ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. 2017ರಲ್ಲಿ ಕಾಯಿದೆ ತಿದ್ದುಪಡಿಯಾಗಿ ಹೆರಿಗೆಯ ರಜೆ 26 ವಾರಗಳಾಯಿತೆಂಬುದು ನಿಜ. ಆದರೆ 27ನೆಯ ವಾರಕ್ಕೆ ಕೂಸನ್ನು ಯಾರ ಮಡಿಲಿಗೆ ಒಪ್ಪಿಸುವುದೆಂಬ ಪ್ರಶ್ನೆ ನೌಕರಿಯಲ್ಲಿರುವ ಪ್ರತಿಯೊಬ್ಬ ತಾಯಿಯನ್ನೂ ಕಾಡುತ್ತದೆ.

ನಮ್ಮ ಪಾಡೇ ಇದಾದರೆ, ಇದಕ್ಕಿಂತ ಕಷ್ಟದಲ್ಲಿರುವ ಕನ್ನಡಿಗರು ಇದೇ ಊರಿನಲ್ಲಿದ್ದಾರೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಎದ್ದು ನಿಲ್ಲುತ್ತಿರುವ ಕಟ್ಟಡಗಳ ಬುಡದಲ್ಲಿ ತಗಡಿನ ಗುಡಿಸಲುಗಳಿರುತ್ತವೆ. ಅಲ್ಲಿ ಕಲಬುರ್ಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದ ಕೂಲಿಯವರ ಕುಟುಂಬಗಳನ್ನು ಕಾಣಬಹುದು. ಅವರ ಹೆಂಗಸರಿಗೆ 26 ವಾರದ ರಜೆಯೆಂಬುದು ಕನಸಿನ ಮಾತು; ಎಳೆಗೂಸನ್ನು ಸಿಮೆಂಟಿನ ಚೀಲದ ನೆರಳಲ್ಲಿ ಮಲಗಿಸಿ ಬುಟ್ಟಿ ಹೊರುವುದೇ ಗತಿ. ಕೂಸನ್ನು ಕಾಯುವವಳು ಏಳೆಂಟು ವರ್ಷದ ಅಕ್ಕ. ಕೋಸಬಾಡದ ಆ ಹುಡುಗಿಯೇ ಇಲ್ಲಿಯೂ ಇದ್ದಾಳೆ. ಇವಳು ಮಾತನಾಡುವುದು ಮಾತ್ರ ನಮ್ಮ ಕನ್ನಡವನ್ನು. 1969ರಲ್ಲಿ ದಿಲ್ಲಿಯಲ್ಲಿ ಮೀರಾ ಮಹಾದೇವನ್ ಎಂಬವರು ಇಂಥ ಕೂಸುಗಳನ್ನು ಕಂಡು ಕಟ್ಟಡದ ಕೆಲಸ ನಡೆಯುವಲ್ಲಿಯೇ ಶಿಶುಪಾಲನಾ ಕೇಂದ್ರವನ್ನು ತೆರೆದರು. ಕೆಲಸ ಮುಗಿದು ಕೂಲಿಯವರು ಹೊರಟರೆ ಕೇಂದ್ರವೂ ಅವರ ಹಿಂದೆಯೇ ಹೊರಡತಕ್ಕದ್ದು. ಇದೂ ಅಂಗಳಕ್ಕೆ ಹೋಗುವ ದಾರಿಯೇ ಅಲ್ಲವೆ?

ಪ್ರತಿ ನವೆಂಬರ್ ತಿಂಗಳಲ್ಲಿ ನಾವು ಧ್ವಜವನ್ನೇರಿಸುತ್ತೇವೆ, ನಾಟಕವಾಡುತ್ತೇವೆ, ಕನ್ನಡ ಉಳಿಯಬೇಕೆಂದು ಭಾಷಣ ಮಾಡುತ್ತೇವೆ. ಎಲ್ಲವೂ ಆಗಬೇಕಾದದ್ದೇ. ಸಂಘದ ಬಾಗಿಲು ಎಲ್ಲ ಕನ್ನಡಿಗರಿಗೂ ತೆರೆದಿದೆಯೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಬೋರ್ಡಿಯ ಬಾಲವಾಡಿಯ ಬಾಗಿಲೂ ಎಲ್ಲರಿಗೂ ತೆರೆದೇ ಇದ್ದಿತು. ಬರಬೇಕಾದವರು ಮಾತ್ರ ಬಂದಿರಲಿಲ್ಲ. ಸಂಘದ ಸಭಾಂಗಣ ವಾರದಲ್ಲಿ ಐದು ದಿನ ಬೀಗ ಹಾಕಿಕೊಂಡಿರುತ್ತದೆ. ನಿವೃತ್ತರಾದ ತಾಯಂದಿರು, ಕೂಸಿಗೆ ಎರೆಯಬಲ್ಲವರು, ಜೋಗುಳ ಬಲ್ಲವರು, ಕಥೆ ಹೇಳಬಲ್ಲವರು ನಮ್ಮ ಸದಸ್ಯರಲ್ಲಿ ಎಷ್ಟೋ ಮಂದಿ ಇದ್ದಾರೆ. ವಾರಕ್ಕೆರಡು ದಿನ, ದಿನಕ್ಕೆರಡು ಗಂಟೆ, ಹೊಸದಾಗಿ ತಾಯಂದಿರಾದವರಿಗೆ ಆ ಸಭಾಂಗಣ ತವರಾಗಬಾರದೆ? ನಾಲ್ಕು ಜನ ಸೇರಿ, ಹತ್ತಿರದ ಕಟ್ಟಡದ ಕೂಲಿಯವರ ಗುಡಿಸಲಿನವರೆಗೆ ಭಾನುವಾರ ನಡೆದುಹೋಗಿ, ಹತ್ತು ಮಕ್ಕಳ ತಲೆ ಬಾಚಿ ಕನ್ನಡದ ಹಾಡೊಂದನ್ನು ಹಾಡಿಸಬಾರದೆ? ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ. ತಾರಾಬಾಯಿಯವರು ಆರಂಭಿಸಿದ್ದು ಒಂದು ಚೀಲ, ಒಂದು ಬಾಚಣಿಗೆ, ಹಿಡಿ ಕಪ್ಪೆಚಿಪ್ಪುಗಳಿಂದ.

ತಿರುಮಕೂಡಲು ನರಸೀಪುರದ ಮಗು ಮರಾಠಿ ಮಹಿಳೆಯೊಬ್ಬರ ಕನಸಿನಿಂದ ಉಂಡಿತು, ಆಡಿತು, ಕಲಿಯಿತು. ಅವರು ಬಾಳಿದ ನೆಲದಲ್ಲಿ ಅನ್ನ ಸಂಪಾದಿಸುತ್ತಿರುವ ಕನ್ನಡಿಗರು ನಾವು. ಈ ಋಣದ ಒಂದು ಕಂತನ್ನಾದರೂ ಈ ವರ್ಷ ಸಲ್ಲಿಸೋಣ. ಮೊದಲ ಭಾನುವಾರಕ್ಕೆ ಹೊರಡುವವರ ಪಟ್ಟಿಯಲ್ಲಿ ನಮ್ಮ ಹೆಸರನ್ನು ಬರೆದಿಟ್ಟಿದ್ದೇವೆ. ಉಳಿದ ಸಾಲುಗಳು ಖಾಲಿಯಿವೆ.